ತೋಳಿನಲ್ಲಿ ಸೆನ್ಸರ್, ಕೈಯಲ್ಲಿ ಫೋನ್: ಮಧುಮೇಹಿಯ ಉಪವಾಸ

ಕಳೆದ ರಮಝಾನ್‌ನ ಒಂದು ಸಂಜೆ. ಇಫ್ತಾರ್‌ಗೆ ಇನ್ನೂ ಒಂದೂವರೆ ಗಂಟೆ ಇತ್ತು. ಸೊಸೆಯೊಬ್ಬಳು ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ನನ್ನ ಕ್ಲಿನಿಕ್‌ಗೆ ಬಂದಳು. ಸೌದಿಯಲ್ಲಿರುವ ಮಗ ಫೋನ್ ಮಾಡಿ, "ಉಮ್ಮಾನ ಶುಗರ್ 58 ತೋರಿಸುತ್ತಿದೆ, ಈಗಲೇ ಡಾಕ್ಟರ್ ಹತ್ತಿರ ಕರಕೊಂಡು ಹೋಗು" ಎಂದಿದ್ದನಂತೆ. ಆ ಉಮ್ಮಾನ ಹಣೆ ಬೆವರಿತ್ತು, ಕೈ ನಡುಗುತ್ತಿತ್ತು. ಆದರೂ ಹಠ ಬಿಟ್ಟಿರಲಿಲ್ಲ. "ಇನ್ನು ಸ್ವಲ್ಪ ಹೊತ್ತಿಗೆ ಬಾಂಗ್ ಆಗುತ್ತದೆ ಡಾಕ್ಟ್ರೇ, ತಡೆದುಕೊಳ್ಳುತ್ತೇನೆ" ಎಂದರು.

ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದೆ. 56 ಇತ್ತು. ಸಕ್ಕರೆ ನೀರು ಕುಡಿಸಿದೆ. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಆಮೇಲೆ ಅತ್ತರು. ಆ ಅಳು ನೋವಿನದ್ದಲ್ಲ, ಉಪವಾಸ ಮುರಿದುಹೋದ ದುಃಖದ್ದು. ಮಧ್ಯಾಹ್ನವೇ ಫೋನ್ ಎಚ್ಚರಿಕೆಯ ಸದ್ದು ಮಾಡಿತ್ತಂತೆ. ಅವರು ಅದನ್ನು ದಿಂಬಿನ ಕೆಳಗೆ ಇಟ್ಟುಬಿಟ್ಟಿದ್ದರು.

ಯಂತ್ರ ತನ್ನ ಕೆಲಸ ಮಾಡಿತ್ತು. ಅದರ ಮಾತನ್ನು ಕೇಳುವವರು ಇರಲಿಲ್ಲ.

ಈ ಸೆನ್ಸರ್ ಏನು ಮಾಡುತ್ತದೆ?

ನಾಣ್ಯದಷ್ಟು ದೊಡ್ಡ ಬಿಲ್ಲೆಯಂಥ ಈ ಸೆನ್ಸರನ್ನು ತೋಳಿನ ಹಿಂಬದಿಗೆ ಅಂಟಿಸುತ್ತಾರೆ. ಅದರ ಕೂದಲಿನಂಥ ತಂತು ಚರ್ಮದಡಿಯಲ್ಲಿದ್ದು, ಕೆಲವೇ ನಿಮಿಷಗಳಿಗೊಮ್ಮೆ ಸಕ್ಕರೆಯ ಮಟ್ಟವನ್ನು ಫೋನಿಗೆ ಕಳುಹಿಸುತ್ತದೆ. ಸಾಮಾನ್ಯವಾಗಿ ಎರಡು ವಾರ ಬಾಳಿಕೆ ಬರುತ್ತದೆ. ಕೊಲ್ಲಿಯಲ್ಲಿ ದುಡಿಯುವ ಮಗ ಊರಿನಲ್ಲಿರುವ ತಾಯಿಯ ಶುಗರನ್ನು ತನ್ನ ಫೋನಿನಲ್ಲೇ ನೋಡಬಹುದು.

ಯುನಾನಿ ಪದ್ಧತಿಯಲ್ಲಿ ಈ ರೋಗಕ್ಕೆ ಝಿಯಾಬೀತಿಸ್ ಎನ್ನುತ್ತೇವೆ. ನಬ್ಝ್ ಅಂದರೆ ನಾಡಿಯನ್ನೂ ಖಾರೂರಾ ಅಂದರೆ ಮೂತ್ರವನ್ನೂ ಪರೀಕ್ಷಿಸುವುದು ನಮ್ಮ ಹಕೀಮರ ಪರಂಪರೆ. ಇಬ್ನ್ ಸೀನಾ ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ ಇವೆರಡರ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಆದರೆ ಶುಗರ್ 58 ಇದೆಯೋ 85 ಇದೆಯೋ ಎಂದು ನಾಡಿ ಹಿಡಿದು ಹೇಳಲು ನನ್ನಿಂದಾಗದು. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಸೆನ್ಸರಿಗೂ ಮಿತಿಗಳಿವೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹಾಗಾಗಿ ಶುಗರ್ ವೇಗವಾಗಿ ಏರುವಾಗ ಅಥವಾ ಇಳಿಯುವಾಗ ಅದರ ಅಂಕಿ ಕೆಲವು ನಿಮಿಷ ಹಿಂದಿರುತ್ತದೆ. ಅದೇ ತೋಳಿನ ಮೇಲೆ ಒತ್ತಿ ಮಲಗಿದರೆ ರಾತ್ರಿ ಸುಳ್ಳು ಇಳಿಕೆ ತೋರಿಸಿ ಮನೆಮಂದಿಯನ್ನು ಗಾಬರಿಗೊಳಿಸಬಹುದು. ಅಂಕಿಗೂ ದೇಹದ ಲಕ್ಷಣಕ್ಕೂ ತಾಳೆಯಾಗದಿದ್ದರೆ ಬೆರಳಿನ ರಕ್ತ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಚರ್ಮ ಚುಚ್ಚದೆಯೇ ಶುಗರ್ ಹೇಳುತ್ತೇವೆಂದು ಅಗ್ಗದ ವಾಚುಗಳನ್ನೂ ಉಂಗುರಗಳನ್ನೂ ಮಾರುತ್ತಾರೆ. ಇಂಥವನ್ನು ನಂಬಬಾರದು, ಅಂಥ ಯಾವ ಸಾಧನಕ್ಕೂ ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅದರ ಅಂಕಿ ನೋಡಿ ಇನ್ಸುಲಿನ್ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ.

ಉಪವಾಸಿಗರ ಪ್ರಶ್ನೆಗಳು

ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುತ್ತದೆಯೇ ಎಂದು ಪ್ರತಿ ವರ್ಷವೂ ಕೇಳುತ್ತಾರೆ. ಮುರಿಯುವುದಿಲ್ಲ ಎಂಬುದು ವಿದ್ವಾಂಸರ ವ್ಯಾಪಕ ಅಭಿಪ್ರಾಯ. ಸೆನ್ಸರ್ ಇದ್ದರೆ ವುಝೂಗೆ ಅಡ್ಡಿಯಿಲ್ಲವೇ ಎನ್ನುವವರೂ ಇದ್ದಾರೆ. ವುಝೂವಿನಲ್ಲಿ ತೊಳೆಯುವುದು ಮೊಣಕೈವರೆಗೆ, ಸೆನ್ಸರ್ ಇರುವುದು ಅದಕ್ಕಿಂತ ಮೇಲೆ. ಸಾಮಾನ್ಯ ಸ್ನಾನದಿಂದ ಅದು ಹಾಳಾಗುವುದಿಲ್ಲ. ಕಡ್ಡಾಯ ಸ್ನಾನದ ವಿಷಯವನ್ನು ನಿಮ್ಮ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ.

ಸೆನ್ಸರಿಗೆ ಸಾವಿರಾರು ರೂಪಾಯಿ ಬೇಕು. ಎಲ್ಲರಿಗೂ ಅದರ ಅಗತ್ಯವಿಲ್ಲ. ಮನೆಯಲ್ಲಿರುವ ಸಾಮಾನ್ಯ ಗ್ಲುಕೋಮೀಟರ್ ಸಾಕು, ಅದನ್ನು ಬಳಸಬೇಕು ಅಷ್ಟೆ. ಸಹ್ರಿಗೆ ಮುನ್ನ, ಬೆಳಿಗ್ಗೆ, ನಡುಮಧ್ಯಾಹ್ನ, ಅಸರ್ ಹೊತ್ತಿಗೆ, ಇಫ್ತಾರ್‌ಗೆ ಮುನ್ನ ಮತ್ತು ಇಫ್ತಾರ್ ಆಗಿ ಎರಡು ಗಂಟೆಗೆ ನೋಡುವುದು ಒಳ್ಳೆಯದು. ಬೆವರು, ನಡುಕ, ಎದೆಬಡಿತ, ತಲೆಸುತ್ತು, ಮಾತು ತೊದಲುವಿಕೆ ಕಂಡರೆ ಆ ಕ್ಷಣವೇ ಪರೀಕ್ಷಿಸಿ.

ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ಬಾಂಗ್‌ಗೆ ಹತ್ತು ನಿಮಿಷ ಇದ್ದರೂ ಕಾಯಬಾರದು. ಕಡಿಮೆಯಾಗಿದ್ದರೆ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕುಡಿದು ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. 300 ದಾಟಿದ್ದರೆ ನೀರು ಕುಡಿದು ಕೂಡಲೇ ವೈದ್ಯರನ್ನು ಕಾಣಿರಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ಇಳಿಯುವ ಅಪಾಯ ಹೆಚ್ಚು. ಇಂಥವರು ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನೂ ಹೊತ್ತನ್ನೂ ಹೊಂದಿಸಿಕೊಳ್ಳಬೇಕು. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಮೆಂತೆ, ಹಾಗಲಕಾಯಿ ರಸವನ್ನು ನಂಬಿ ಇನ್ಸುಲಿನ್ ನಿಲ್ಲಿಸಬೇಡಿ. ಮಾತ್ರೆಯ ಜೊತೆಗೆ ಇವನ್ನು ವಿಪರೀತ ಸೇವಿಸಿದರೂ ಶುಗರ್ ಕುಸಿಯಬಹುದು.

ಅಲ್ಲಾಹನು ಕೊಟ್ಟ ರಿಯಾಯಿತಿ

ಉಪವಾಸದ ಆಜ್ಞೆ ಇರುವ ಸೂರಃ ಅಲ್ ಬಕರಃದಲ್ಲೇ, 184 ಮತ್ತು 185ನೆಯ ವಚನಗಳಲ್ಲಿ, ರೋಗಿಗಳಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯೂ ಇದೆ. ಎಂದಿಗೂ ಉಪವಾಸ ಹಿಡಿಯಲಾಗದವರಿಗೆ ಫಿದ್ಯಾದ ದಾರಿಯಿದೆ. ಕರುಣಾಮಯನಾದ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಾವೇಕೆ ಸೋಲೆಂದು ತಿಳಿಯಬೇಕು?

ಇಲ್ಲಿ ಮನೆಯವರ ಹೊಣೆ ದೊಡ್ಡದು. "ಇಷ್ಟು ಹೊತ್ತು ಇದ್ದವರು ಇನ್ನು ಸ್ವಲ್ಪ ತಡೆಯಲಾಗಲಿಲ್ಲವೇ" ಎಂಬ ಒಂದು ಮಾತು ಸಾಕು, ಮರುದಿನ ಹಿರಿಯರು ಸುಸ್ತನ್ನು ಮುಚ್ಚಿಡುತ್ತಾರೆ. ದೂರದ ಮಗನೂ ಅಷ್ಟೆ. ಅಂಕಿ ನೋಡಿ ಗದರಿಸಿದರೆ ತಾಯಿ ಫೋನನ್ನು ದಿಂಬಿನ ಕೆಳಗೆ ಇಡುತ್ತಾಳೆ. ಮೊದಲು "ಉಮ್ಮಾ, ಹೇಗಿದ್ದೀರಿ?" ಎಂದು ಕೇಳಿ, ಶುಗರಿನ ಮಾತು ಆಮೇಲೆ ಬರಲಿ.

ಆ ಉಮ್ಮಾ ಮರುದಿನ ಸೊಸೆಯೊಂದಿಗೆ ಮತ್ತೆ ಬಂದರು. ಅವರಿಗೆ ಇನ್ಸುಲಿನ್ ಕೊಡುವ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಆ ತಿಂಗಳ ಉಳಿದ ಉಪವಾಸಗಳನ್ನು ಬಿಡುವಂತೆ ಅವರು ಹೇಳಿದರು. ಉಮ್ಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯ ಕಡೆ ತಿರುಗಿ, "ಇವತ್ತು ಇಫ್ತಾರ್‌ಗೆ ಗಂಜಿ ನಾನೇ ಮಾಡುತ್ತೇನೆ, ನೀನು ಉಪವಾಸ ಇದ್ದೀಯಲ್ಲ" ಎಂದರು.