ಕಾರಿನ ಮುಂಭಾಗದ ಸ್ಟ್ರಟ್ ಬೇರಿಂಗ್: ಸವೆತವನ್ನು ಗುರುತಿಸುವುದು, ಮನೆಯಲ್ಲಿ ಬದಲಾಯಿಸುವುದು

ಸೂರತ್ ನಗರದ ದಕ್ಷಿಣಕ್ಕೆ, ಉಧನಾದಿಂದ ಸಚಿನ್ ಕಡೆಗೆ ಸಾಗುವಾಗ ಪಾಂಡೇಸರಾ ಸಿಗುತ್ತದೆ. ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ಈ ವಸಾಹತು ಬಟ್ಟೆಗೆ ಬಣ್ಣ ಹಾಕುವ ಹಾಗೂ ಮುದ್ರಿಸುವ ಗಿರಣಿಗಳಿಗೆ ಹೆಸರಾಗಿದೆ. ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಲ್ಲಿ ಮಾರಾಟವಾಗುವ ಪಾಲಿಯೆಸ್ಟರ್ ಸೀರೆಗಳಲ್ಲಿ ಬಹಳಷ್ಟು ಸೂರತ್ತಿನ ಇಂತಹ ಗಿರಣಿಗಳಿಂದಲೇ ಬರುತ್ತವೆ. ಹಗಲಿರುಳು ಸರಕಿನ ಲಾರಿಗಳು ಓಡಾಡುವ ಇಲ್ಲಿನ ರಸ್ತೆಗಳಲ್ಲಿ ಬೇಸಿಗೆಯಲ್ಲಿ ಧೂಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು ಮತ್ತು ನಿಂತ ನೀರು ಸಾಮಾನ್ಯ. ಈ ಎರಡೂ ಸೇರಿ ಕಾರಿನ ಒಂದು ಸಣ್ಣ ಭಾಗವನ್ನು ಮೆಲ್ಲಗೆ ಕೆಡಿಸುತ್ತವೆ. ಅದು ಮುಂಭಾಗದ ಸ್ಟ್ರಟ್‌ನ ಮೇಲ್ತುದಿಯಲ್ಲಿರುವ ಬೇರಿಂಗ್.

ಸ್ಟ್ರಟ್ ಎಂದರೆ ಆನಿಕೆಗಂಬ. ಆಘಾತ ತಡೆಯುವ ಕೊಳವೆಯನ್ನೂ ಅದರ ಸುತ್ತಲಿನ ಸುರುಳಿ ಸ್ಪ್ರಿಂಗನ್ನೂ ಒಂದೇ ಕಂಬವಾಗಿ ಜೋಡಿಸುವ ಈ ವಿನ್ಯಾಸಕ್ಕೆ ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿದೆ. ಫೋರ್ಡ್ ಸಂಸ್ಥೆಯು 1950ರಲ್ಲಿ ಬ್ರಿಟನ್ನಿನಲ್ಲಿ ಹೊರತಂದ ಕಾನ್ಸುಲ್ ಕಾರಿನಲ್ಲಿ ಇದನ್ನು ಬಳಸಲಾಯಿತು. ನಮ್ಮ ದೇಶದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಇದು ಇರಲಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನ ಮೂಲಕವೇ ಇದು ಸಾಮಾನ್ಯ ಕುಟುಂಬಗಳ ಅಂಗಳಕ್ಕೆ ಬಂದಿತೆನ್ನಬಹುದು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದೇ ಮಾದರಿಯವು.

ಚಾಲಕನು ಸ್ಟೀರಿಂಗ್ ತಿರುಗಿಸಿದಾಗ ಚಕ್ರದೊಡನೆ ಇಡೀ ಕಂಬವೂ ಸ್ಪ್ರಿಂಗೂ ತಿರುಗುತ್ತವೆ; ಆದರೆ ಕಂಬದ ಮೇಲ್ತುದಿಯನ್ನು ಹಿಡಿದಿರುವ ಕಾರಿನ ಒಡಲು ತಿರುಗುವುದಿಲ್ಲ. ತಿರುಗುವ ಭಾಗಕ್ಕೂ ತಿರುಗದ ಭಾಗಕ್ಕೂ ನಡುವೆ, ಕಾರಿನ ಭಾರವನ್ನು ಹೊತ್ತುಕೊಂಡೇ ಸರಾಗವಾಗಿ ಹೊರಳುವ ಉಂಗುರವೇ ಈ ಬೇರಿಂಗ್. ಸೂರತ್ತಿನ ಪೂರ್ವಕ್ಕೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ಬೆಂಗಳೂರಿನವರೆಗೆ ನೇರವಾಗಿ ಓಡಿಸಿದ ಕಾರಿನಲ್ಲಿ ಇದು ಹೊರಳುವುದು ಅಲ್ಪ. ಇಕ್ಕಟ್ಟಾದ ಗಲ್ಲಿಯಲ್ಲಿ ದಿನಕ್ಕೆರಡು ಬಾರಿ ಹಿಂದೆ ಮುಂದೆ ಮಾಡಿ ನಿಲ್ಲಿಸುವ ಕಾರಿನಲ್ಲಿ ಇದು ಬಹಳ ಹೊರಳುತ್ತದೆ. ಅದರ ಅಂಚಿನ ಮುಚ್ಚಿಗೆ ಸಡಿಲಗೊಂಡು ಧೂಳು, ನೀರು ಒಳಸೇರಿದರೆ ಗ್ರೀಸ್ ತೊಳೆದುಹೋಗಿ ಗುಂಡುಗಳು ತುಕ್ಕು ಹಿಡಿಯುತ್ತವೆ. 2006ರ ಆಗಸ್ಟಿನಲ್ಲಿ ತಾಪಿ ನದಿಯ ಪ್ರವಾಹವು ಸೂರತ್ ನಗರದ ಬಹುಭಾಗವನ್ನು ಮುಳುಗಿಸಿದಂತಹ ಸಂದರ್ಭಗಳಲ್ಲಂತೂ ನೀರಿನಲ್ಲಿ ನಿಂತ ವಾಹನಗಳ ಇಂತಹ ಭಾಗಗಳು ಉಳಿಯುವುದು ಕಷ್ಟ.

ಸವೆದ ಬೇರಿಂಗಿನ ಲಕ್ಷಣಗಳು ಸ್ಪಷ್ಟವಾಗಿವೆ. ನಿಂತ ಕಾರಿನ ಸ್ಟೀರಿಂಗನ್ನು ತಿರುಗಿಸಿದಾಗ ಕಿರ್ರೆಂಬ ಶಬ್ದ ಬರುತ್ತದೆ; ಇಲ್ಲವೆ ಸ್ಪ್ರಿಂಗ್ ತಿರುಚಿಕೊಂಡು ಒಮ್ಮೆಲೇ ಬಿಟ್ಟುಕೊಂಡಾಗ ‘ಠಣ್’ ಎಂದು ಕೇಳಿಸುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಪರೀಕ್ಷಿಸಲು ಇಬ್ಬರು ಬೇಕು. ಒಬ್ಬರು ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಬಾನೆಟ್ ತೆರೆದು ಕಂಬದ ತಲೆಯ ಮೇಲೆ ಅಂಗೈಯಿಟ್ಟರೆ ಒಳಗಿನ ಕರಕರ ಕೈಗೆ ತಿಳಿಯುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಬೆರಳಿಡಬಾರದು. ಕಾರು ಚಲಿಸುತ್ತಿದ್ದು ಪೂರ್ಣ ತಿರುವಿನಲ್ಲಿ ಮಾತ್ರ ‘ಕಟಕಟ’ ಎಂಬ ಸದ್ದು ಬಂದರೆ ದೋಷವು ಬಹುಶಃ ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ಕೀಲಿನಲ್ಲಿರುತ್ತದೆ, ಬೇರಿಂಗಿನಲ್ಲಲ್ಲ. ಶಬ್ದದ ಮೂಲವನ್ನು ನಿರ್ಧರಿಸದೆ ಇಡೀ ಸ್ಟ್ರಟ್ಟನ್ನೇ ಬದಲಾಯಿಸುವ ರೂಢಿಯಿಂದ ಮಾಲೀಕರಿಗೆ ಅನಗತ್ಯ ವೆಚ್ಚವಾಗುತ್ತದೆ.

ಬೇರಿಂಗಿನ ಬೆಲೆ ಕಡಿಮೆ, ಬದಲಾಯಿಸುವ ಕ್ರಮವೂ ಗಹನವಾದುದಲ್ಲ. ಆದ್ದರಿಂದಲೇ ಅನೇಕರು ರಜೆಯ ದಿನ ಮನೆಯ ಮುಂದೆಯೇ ಈ ಕೆಲಸಕ್ಕೆ ಕೈಹಾಕುತ್ತಾರೆ. ಅವರು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ಸುಮಾರು 900 ಕಿಲೋಗ್ರಾಂ ತೂಕದ ಕಾರಿನಲ್ಲಿ ಶೇಕಡ 60ರಷ್ಟು ಭಾರ ಮುಂಭಾಗದಲ್ಲಿದೆಯೆಂದು ಎಣಿಸಿದರೆ, ಪ್ರತಿ ಮುಂಚಕ್ರಕ್ಕೆ 270 ಕಿಲೋಗ್ರಾಂ ಬೀಳುತ್ತದೆ. ಆ ಭಾರದ ಬಹುಭಾಗವನ್ನು ಹೊರುವುದು ಸ್ಪ್ರಿಂಗ್. ಸ್ಟ್ರಟ್ಟನ್ನು ಕಾರಿನಿಂದ ಹೊರತೆಗೆದ ಮೇಲೂ ಅದು ಪೂರ್ತಿ ಸಡಿಲಗೊಂಡಿರುವುದಿಲ್ಲ. ಕಂಬದ ಮೇಲ್ತುದಿಯ ನಡುವಿನ ಒಂದೇ ಒಂದು ನಟ್ಟು ಅದನ್ನು ಅದುಮಿ ಹಿಡಿದಿರುತ್ತದೆ. ಸ್ಪ್ರಿಂಗನ್ನು ಉಪಕರಣದಿಂದ ಬಿಗಿದು ಕುಗ್ಗಿಸದೆ ಆ ನಟ್ಟನ್ನು ಬಿಚ್ಚಿದರೆ, ಮೇಲಿನ ಬಟ್ಟಲು, ಬೇರಿಂಗ್, ನಟ್ಟು ಎಲ್ಲವೂ ಬಿಚ್ಚುವವನ ಮುಖದ ಕಡೆಗೆ ಚಿಮ್ಮುತ್ತವೆ. ಇದರಿಂದ ಕಣ್ಣು, ದವಡೆ, ಪ್ರಾಣಕ್ಕೂ ಅಪಾಯವುಂಟು. ತಂತಿ, ಹಗ್ಗ ಅಥವಾ ಸರಪಳಿಯಿಂದ ಸ್ಪ್ರಿಂಗನ್ನು ಕಟ್ಟಿಹಾಕುವ ಪ್ರಯತ್ನ ಸರ್ವಥಾ ಕೂಡದು.

ಕೆಲಸಕ್ಕೆ ಸಮತಟ್ಟಾದ ಗಟ್ಟಿ ನೆಲ ಅವಶ್ಯಕ. ಮಳೆಗಾಲದ ಮೆತ್ತನೆಯ ಮಣ್ಣಿನಲ್ಲಿ ಜಾಕ್ ಕುಸಿಯುತ್ತದೆ. ಕೆಳಗೆ ಹಲಗೆಯಿಟ್ಟರೂ ಪೂರ್ಣ ಭರವಸೆಯಿಲ್ಲ. ಕೈ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಬೇಕು. ಆನಂತರ ಜಾಕಿನಿಂದ ಎತ್ತಿ, ಒಡಲಿನ ಗೊತ್ತುಪಡಿಸಿದ ಜಾಗದ ಕೆಳಗೆ ಉಕ್ಕಿನ ಸ್ಟ್ಯಾಂಡ್ ಇಟ್ಟು ಕಾರನ್ನು ಅದರ ಮೇಲೆ ಇಳಿಸಬೇಕು. ಇಟ್ಟಿಗೆಗಳನ್ನು ಪೇರಿಸುವುದು ಸ್ಟ್ಯಾಂಡಿಗೆ ಬದಲಿಯಾಗದು.

ಚಕ್ರವನ್ನು ತೆಗೆದ ಮೇಲೆ ಬ್ರೇಕ್ ಕೊಳವೆಯನ್ನೂ, ಇದ್ದರೆ ಎ.ಬಿ.ಎಸ್. ತಂತಿಯನ್ನೂ ಸ್ಟ್ರಟ್‌ನಿಂದ ಬಿಡಿಸಬೇಕು. ಸ್ಟ್ರಟ್‌ನ ಬುಡವನ್ನು ಚಕ್ರದ ಗುಂಭಕ್ಕೆ ಸಾಮಾನ್ಯವಾಗಿ ಎರಡು ಬೋಲ್ಟುಗಳು ಬಂಧಿಸಿರುತ್ತವೆ. ಬಿಚ್ಚುವ ಮುನ್ನ ಅವುಗಳ ಸ್ಥಾನವನ್ನು ಬಣ್ಣದಿಂದ ಗುರುತು ಮಾಡಿಕೊಂಡರೆ ಚಕ್ರದ ಓರೆ ಮೊದಲಿನಂತೆಯೇ ಕೂರಲು ಸಹಾಯವಾಗುತ್ತದೆ. ಗುಂಭವು ಬ್ರೇಕ್ ಕೊಳವೆಯ ಮೇಲೆ ಜೋತುಬೀಳದಂತೆ ತಂತಿಯಿಂದ ಕಟ್ಟಿ ನಿಲ್ಲಿಸಬೇಕು. ಕೊನೆಗೆ ಬಾನೆಟ್ಟಿನ ಕೆಳಗೆ, ಕಂಬದ ತಲೆಯ ಸುತ್ತಲಿನ ಎರಡು ಅಥವಾ ಮೂರು ನಟ್ಟುಗಳನ್ನು ತೆಗೆದಾಗ ಸ್ಟ್ರಟ್ ಹೊರಬರುತ್ತದೆ. ಈ ಹಂತದಲ್ಲಿ ನಡುವಿನ ನಟ್ಟನ್ನು ಮುಟ್ಟತಕ್ಕದ್ದಲ್ಲ.

ಸ್ಪ್ರಿಂಗ್ ಕುಗ್ಗಿಸುವ ಕೊಕ್ಕೆಗಳು ಜೋಡಿಯಾಗಿ ಬರುತ್ತವೆ. ಅವುಗಳನ್ನು ಸ್ಪ್ರಿಂಗಿನ ಎದುರುಬದುರು ಪಾರ್ಶ್ವಗಳಲ್ಲಿ ತೊಡಿಸಿ, ಒಂದನ್ನು ಒಂದೆರಡು ಸುತ್ತು, ಇನ್ನೊಂದನ್ನು ಅಷ್ಟೇ ಸುತ್ತು ಎಂಬಂತೆ ಸಮನಾಗಿ ಬಿಗಿಯುತ್ತ ಹೋಗಬೇಕು. ಒಂದು ಕಡೆ ಹೆಚ್ಚು ಬಿಗಿದರೆ ಸ್ಪ್ರಿಂಗ್ ಬಾಗಿ ಕೊಕ್ಕೆ ಜಾರುತ್ತದೆ. ಕೊಕ್ಕೆಯ ಎಳೆಗಳು ಸವೆದಿದ್ದರೆ ಅಥವಾ ಸ್ಪ್ರಿಂಗಿನಲ್ಲಿ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಬಿಟ್ಟುಕೊಂಡು ಕೈಯಿಂದ ಅಲುಗಾಡುವಂತಾದಾಗ ಮಾತ್ರ, ಕಂಬದ ತುದಿಗೆ ಎದುರಾಗಿ ಮುಖವನ್ನಿಡದೆ, ನಡುವಿನ ನಟ್ಟನ್ನು ಬಿಚ್ಚಬಹುದು. ಹೀಗೆ ಕುಗ್ಗಿಸಿದ ಸ್ಪ್ರಿಂಗನ್ನು ಊಟಕ್ಕೆಂದು ಬಿಟ್ಟುಹೋಗುವುದಾಗಲಿ, ಮಕ್ಕಳು ಸುಳಿಯುವಲ್ಲಿ ಇಡುವುದಾಗಲಿ ಸಲ್ಲದು.

ಬಿಡಿಭಾಗಗಳನ್ನು ಹೊರಬಂದ ಕ್ರಮದಲ್ಲಿಯೇ ಸಾಲಾಗಿ ಇಟ್ಟುಕೊಳ್ಳಬೇಕು. ಹೊಸ ಬೇರಿಂಗಿಗೆ ಮೇಲು ಕೆಳಗೆಂಬ ಭೇದವಿದೆ. ತಲೆಕೆಳಗಾಗಿ ಕೂರಿಸಿದರೆ ಅದು ಬಹುಕಾಲ ಬಾಳುವುದಿಲ್ಲ. ಬೇರಿಂಗಿನ ಮೇಲಿನ ರಬ್ಬರ್ ಆಸನ ಬಿರಿದಿದ್ದರೆ ಇದೇ ಸಮಯದಲ್ಲಿ ಬದಲಾಯಿಸುವುದು ಲಾಭಕರ, ಏಕೆಂದರೆ ಅದಕ್ಕಾಗಿ ಮತ್ತೊಮ್ಮೆ ಇಷ್ಟೇ ಶ್ರಮಪಡಬೇಕಾಗುತ್ತದೆ. ಸ್ಪ್ರಿಂಗಿನ ತುದಿಯು ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿರಬೇಕು. ಹೊಸ ನಟ್ಟನ್ನು ಹಾಕಿ, ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿದ ಬಳಿಕವೇ ಕೊಕ್ಕೆಗಳನ್ನು ಮತ್ತೆ ಸಮಸಮನಾಗಿ ಸಡಿಲಿಸಬೇಕು.

ಕೊಕ್ಕೆಗಳ ಜೋಡಿ ಸಿಗದಿದ್ದಲ್ಲಿ ಅಥವಾ ಅದರ ಬಳಕೆಯಲ್ಲಿ ಧೈರ್ಯವಿಲ್ಲದಿದ್ದಲ್ಲಿ ಮಧ್ಯಮ ಮಾರ್ಗವೊಂದಿದೆ. ಸ್ಟ್ರಟ್ಟನ್ನು ಮನೆಯಲ್ಲಿಯೇ ಕಳಚಿ, ನಡುವಿನ ನಟ್ಟು ಬಿಚ್ಚದೆ ಹಾಗೆಯೇ ಕಾರ್ಯಾಗಾರಕ್ಕೆ ಒಯ್ದು, ನೆಲಕ್ಕೆ ಬಿಗಿದ ಯಂತ್ರದಲ್ಲಿ ಬೇರಿಂಗ್ ಬದಲಾಯಿಸಿಕೊಂಡು ಬಂದು ಮತ್ತೆ ಜೋಡಿಸುವುದು. ಖರ್ಚಿನಲ್ಲಿ ಗಣನೀಯ ಉಳಿತಾಯವಾಗುತ್ತದೆ. ಅಪಾಯದ ಭಾಗ ಮಾತ್ರ ಅನುಭವಸ್ಥರ ಕೈಗೆ ಹೋಗುತ್ತದೆ.

ಎರಡೂ ಬದಿಯ ಬೇರಿಂಗ್‌ಗಳು ಒಂದೇ ರಸ್ತೆಯಲ್ಲಿ ಸವೆದಿರುವುದರಿಂದ ಒಟ್ಟಿಗೆ ಬದಲಾಯಿಸುವುದು ಸೂಕ್ತ. ಚಕ್ರದ ನಟ್ಟುಗಳನ್ನು ಕಾರು ನೆಲಕ್ಕಿಳಿದ ಮೇಲೆ ಕೊನೆಯ ಬಿಗಿ ಕೊಡಬೇಕು. ಮೊದಲು ನಿಧಾನವಾಗಿ ಓಡಿಸಿ, ಬ್ರೇಕ್ ಪರೀಕ್ಷಿಸಿ, ನಂತರ ಚಕ್ರಗಳ ಜೋಡಣೆಯನ್ನು ಯಂತ್ರದಲ್ಲಿ ಅಳೆಸಬೇಕು. ಗುರುತು ಎಷ್ಟೇ ಜಾಗರೂಕತೆಯಿಂದ ಹಾಕಿದ್ದರೂ ಬುಡದ ಬೋಲ್ಟುಗಳು ಕೂದಲೆಳೆಯಷ್ಟು ಸರಿದಿದ್ದರೆ ಟೈರಿನ ಒಂದೇ ಅಂಚು ಕೆಲವು ತಿಂಗಳಲ್ಲಿ ಸವೆದುಹೋಗುತ್ತದೆ.