ಮನೆಯ ನಿಸ್ತಂತು ಜಾಲವೂ ಹೊಸ ಗಣಕಯಂತ್ರವೂ

ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ನೆಯ ಇಸವಿ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, ಯಂತ್ರದೊಳಗೆ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇರಲೇಬೇಕೆಂದು ವಿಧಿಸುವುದರಿಂದ, ಹತ್ತಾರು ವರ್ಷ ನಿಷ್ಠೆಯಿಂದ ದುಡಿದ ಎಷ್ಟೋ ಗಣಕಯಂತ್ರಗಳು ಕೆಡದೆಯೇ ನಿವೃತ್ತಿ ಹೊಂದಬೇಕಾಯಿತು. ಹೊಸ ಯಂತ್ರ ಮನೆಗೆ ಬಂದ ದಿನ ಮುಂಜಾನೆ ಸಂಭ್ರಮ. ಸಂಜೆಯ ವೇಳೆಗೆ “ನೆಟ್ ಬರವಲ್ದು” ಎಂಬ ದೂರು. ಪರದೇಶದಲ್ಲಿರುವ ಮಗಳೊಡನೆ ಮಾತು ನಿಲ್ಲುತ್ತದೆ, ಮೊಮ್ಮಕ್ಕಳ ಪಾಠ ನಿಲ್ಲುತ್ತದೆ, ಅಧ್ಯಾಪಕರು ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿಗಳು ಕಣ್ಣೆದುರಿಗಿದ್ದೂ ಕೈಗೆಟುಕದಂತಾಗುತ್ತವೆ. ಆ ಗಾಬರಿಯಲ್ಲಿ ಕೆಲವರು ಕೆಡದ ರೂಟರನ್ನು ಬಿಸುಟು ಹೊಸದನ್ನು ಕೊಳ್ಳುತ್ತಾರೆ. ಮತ್ತೆ ಕೆಲವರು ಗುರುತಿಲ್ಲದವರಿಗೆ ದೂರವಾಣಿ ಮಾಡಿ ಹಣ ಕಳೆದುಕೊಳ್ಳುತ್ತಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಅಪ್ರಸ್ತುತವಾಗಲಾರದು.

ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಇಂತಹ ಬಹುತೇಕ ಸಂದರ್ಭಗಳಲ್ಲಿ ಜಾಲವು ಕೆಟ್ಟಿರುವುದೇ ಇಲ್ಲ. ನಿನ್ನೆಯವರೆಗೆ ಸರಿಯಾಗಿದ್ದದ್ದು ಇಂದೂ ಸರಿಯಾಗಿಯೇ ಇದೆ. ಹಳೆಯ ಯಂತ್ರದೊಂದಿಗೆ ಹೊರಟುಹೋದದ್ದು ತಿಳಿವಳಿಕೆ. ಹಲವು ವರ್ಷ ಕಛೇರಿಯನ್ನು ನಡೆಸಿದ ಗುಮಾಸ್ತರು ಚಾರ್ಜು ಒಪ್ಪಿಸದೆ ನಿವೃತ್ತರಾದರೆ, ಅವರ ಸ್ಥಾನಕ್ಕೆ ಬಂದವರು ಎಷ್ಟೇ ಚುರುಕಾಗಿದ್ದರೂ ಯಾವ ಕಪಾಟಿನ ಕೀಲಿ ಎಲ್ಲಿದೆ, ಯಾವ ದಫ್ತರ ಯಾರ ವಶದಲ್ಲಿದೆ ಎಂಬುದು ತಿಳಿಯದೆ ಕುಳಿತಿರಬೇಕಾಗುತ್ತದೆಯಷ್ಟೆ. ಜಾಲದ ಗುಪ್ತಪದ, ಮುದ್ರಣಯಂತ್ರದ ವಿಳಾಸ, ಹಂಚಿಕೊಂಡ ಕಡತಗಳ ದಾರಿ ಇವೆಲ್ಲವೂ ಹಳೆಯ ಯಂತ್ರದ ನೆನಪಿನಲ್ಲಿದ್ದವು. ಆ ನೆನಪನ್ನು ಹೊಸದಕ್ಕೆ ಒಪ್ಪಿಸುವುದೇ ಇಲ್ಲಿನ ಕೆಲಸ. ಹೀಗಾಗಿ ಹೊಸದು ಪೂರ್ತಿ ನೆಲೆಗೊಳ್ಳುವವರೆಗೆ ಹಳೆಯ ಯಂತ್ರವನ್ನು ಯಾರಿಗೂ ಕೊಡಬಾರದು.

ಮನೆಯ ಜಾಲದಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆಯೆಂಬುದನ್ನು ಹಲವರು ಮರೆಯುತ್ತಾರೆ. ಅಂತರ್ಜಾಲವು ಹೊರಗಿನಿಂದ ತಂತಿಯ ಅಥವಾ ಗಾಜಿನೆಳೆಯ ಮೂಲಕ ಮನೆಯನ್ನು ಮುಟ್ಟುತ್ತದೆ. ವೈ-ಫೈ ಎಂಬುದಾದರೋ ಪಡಸಾಲೆಯಲ್ಲಿರುವ ರೂಟರಿನಿಂದ ನಮ್ಮ ಯಂತ್ರದವರೆಗಿನ ರೇಡಿಯೋ ಸಂಪರ್ಕ ಮಾತ್ರ. ಇದರ ಮೂಲ ಶಿಷ್ಟತೆ 802.11 ಎಂಬ ಸಂಖ್ಯೆಯಿಂದ 1997ರಲ್ಲಿ ಪ್ರಕಟವಾಯಿತು. ಆಗ ಅದರ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್. ರೂಟರಿಗೆ ಎರಡು ಮುಖ. ಹೊರಮುಖದಲ್ಲಿ ಅದು ಸೇವೆ ಒದಗಿಸುವ ಸಂಸ್ಥೆಯೊಡನೆ ವ್ಯವಹರಿಸುತ್ತದೆ. ಒಳಮುಖದಲ್ಲಿ ಮನೆಯ ಪ್ರತಿಯೊಂದು ಉಪಕರಣಕ್ಕೂ 192.168ರಿಂದ ಆರಂಭವಾಗುವಂತಹ ಒಂದೊಂದು ವಿಳಾಸವನ್ನು ಹಂಚುತ್ತದೆ.

ಈ ಎರಡರಲ್ಲಿ ದೋಷ ಎಲ್ಲಿದೆಯೆಂದು ತಿಳಿಯಲು ಕೈಯಲ್ಲಿರುವ ಮೊಬೈಲ್ ಸಾಕು. ಅದರ ಸಿಮ್ ಕಾರ್ಡಿನ ಡೇಟಾವನ್ನು ಆರಿಸಿ, ವೈ-ಫೈ ಒಂದನ್ನೇ ಇಟ್ಟುಕೊಂಡು ಯಾವುದಾದರೂ ಹೊಸ ಪುಟವನ್ನು ತೆರೆಯಬೇಕು. ಡೇಟಾ ಆರಿಸುವುದನ್ನು ಮರೆತರೆ ಪರೀಕ್ಷೆ ವ್ಯರ್ಥ. ಮೊಬೈಲ್ ಸದ್ದಿಲ್ಲದೆ ಗೋಪುರದ ಸಂಪರ್ಕಕ್ಕೆ ಹೊರಳಿ ನಮ್ಮನ್ನು ದಾರಿತಪ್ಪಿಸುತ್ತದೆ. ಮೊಬೈಲಿನಲ್ಲಿ ಪುಟ ತೆರೆದುಕೊಂಡರೆ ರೂಟರೂ ಹೊರಗಿನ ಸೇವೆಯೂ ನಿರ್ದೋಷಿಗಳು. ತೆರೆಯದಿದ್ದರೆ, ಹೊಸ ಯಂತ್ರ ಬಂದದ್ದೂ ಸೇವೆ ನಿಂತದ್ದೂ ಕಾಕತಾಳೀಯವೆಂದು ತಿಳಿದು ಸೇವಾ ಸಂಸ್ಥೆಗೆ ದೂರು ಕೊಡತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ರೂಟರನ್ನು ಆರಿಸಿ ಅರ್ಧ ನಿಮಿಷದ ಬಳಿಕ ಮತ್ತೆ ಹಚ್ಚುವುದರಿಂದ ಯಾವ ಕೇಡೂ ಇಲ್ಲ. ಆದರೆ ಅದರ ಹಿಂಭಾಗದಲ್ಲಿ ಸೂಜಿಯಿಂದ ಒತ್ತುವ ಚಿಕ್ಕ ರಂಧ್ರವೊಂದಿರುತ್ತದೆ. ಅದನ್ನು ಹತ್ತು ಸೆಕೆಂಡು ಒತ್ತಿಹಿಡಿದರೆ ರೂಟರು ಕಾರ್ಖಾನೆಯಿಂದ ಬಂದಂದಿನ ಸ್ಥಿತಿಗೆ ಮರಳಿ, ಜಾಲದ ಹೆಸರು, ಗುಪ್ತಪದ, ಎಷ್ಟೋ ಕಡೆ ಸೇವಾ ಸಂಸ್ಥೆಯವರು ಬರೆದಿಟ್ಟ ಬಳಕೆದಾರರ ಹೆಸರೂ ಅಳಿಸಿಹೋಗುತ್ತವೆ. ಅಲ್ಲಿಯವರೆಗೆ ಒಂದು ಯಂತ್ರಕ್ಕೆ ಮಾತ್ರ ಇದ್ದ ತೊಂದರೆ ಆಮೇಲೆ ಇಡೀ ಮನೆಗೆ ಬರುತ್ತದೆ. ನೆರೆಯವರು ಕೊಡುವ ಮೊದಲ ಸಲಹೆ ಇದೇ ಆಗಿರುವುದರಿಂದ ಇಷ್ಟು ಹೇಳಬೇಕಾಯಿತು.

ರೂಟರು ನಿರ್ದೋಷಿಯೆಂದಾದ ಮೇಲೆ ಹೊಸ ಯಂತ್ರದ ಕಡೆಗೆ ಹೊರಳೋಣ. ಜಾಲಗಳ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರು ಕಾಣುತ್ತಿದೆಯೇ? ಕಾಣದಿದ್ದರೆ ಕಾರಣಗಳು ಹಲವು. ಮೇಜಿನ ಮೇಲಿಡುವ ದೊಡ್ಡ ಯಂತ್ರಗಳಲ್ಲಿ ಅನೇಕವು ವೈ-ಫೈ ಘಟಕವಿಲ್ಲದೆಯೇ ಬರುತ್ತವೆ. ಹಳೆಯದಕ್ಕೆ ಬೆರಳುದ್ದದ ಡಾಂಗಲ್ ಒಂದನ್ನು ಸಿಕ್ಕಿಸಲಾಗಿತ್ತೆಂಬುದು ಮನೆಯವರಿಗೆ ಮರೆತೇ ಹೋಗಿರುತ್ತದೆ. ಹಳೆಯ ಡಾಂಗಲನ್ನೇ ಹೊಸದಕ್ಕೆ ಸಿಕ್ಕಿಸುವುದಾದರೆ ಅದರ ಸ್ಥಾನವನ್ನು ಗಮನಿಸಬೇಕು. ಯು.ಎಸ್.ಬಿ. 3.0 ಮಾದರಿಯ ಕಿಂಡಿಗಳೂ ಅವುಗಳಿಗೆ ಸಿಕ್ಕಿಸಿದ ಸಂಗ್ರಹ ಸಾಧನಗಳೂ 2.4 ಗಿಗಾಹರ್ಟ್ಸ್ ಸುತ್ತಮುತ್ತಲಲ್ಲೇ ರೇಡಿಯೋ ಗದ್ದಲವನ್ನು ಉಂಟುಮಾಡುತ್ತವೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿತು. ಯಂತ್ರದ ಹಿಂದೆ ಅಂತಹ ಕಿಂಡಿಯ ಪಕ್ಕದಲ್ಲೇ ಡಾಂಗಲ್ ಇದ್ದರೆ ಸಂಕೇತ ಕ್ಷೀಣಿಸುವುದು ಸಹಜ. ಒಂದು ಮೊಳ ಉದ್ದದ ಯು.ಎಸ್.ಬಿ. ತಂತಿಯಿಂದ ಅದನ್ನು ಮೇಜಿನ ಮೇಲಕ್ಕೆ ತಂದರೆ ಗುಣ ಕಾಣುತ್ತದೆ.

ಘಟಕವಿದ್ದೂ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಇರದ ಪ್ರಸಂಗಗಳೂ ಉಂಟು. ಅದನ್ನು ತರಲು ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ಅದು ಬೇಕು ಎಂಬ ವಿಚಿತ್ರ ಸನ್ನಿವೇಶ ಇದು. ಮೊಬೈಲನ್ನು ಯು.ಎಸ್.ಬಿ. ತಂತಿಯಿಂದ ಯಂತ್ರಕ್ಕೆ ಜೋಡಿಸಿ ಅದರಲ್ಲಿ ಟೆದರಿಂಗ್ ಎಂಬ ಆಯ್ಕೆಯನ್ನು ಹಚ್ಚಿದರೆ ತಾತ್ಕಾಲಿಕ ಸಂಪರ್ಕ ದೊರೆತು ಈ ತೊಡಕು ಬಿಡುತ್ತದೆ. ರೂಟರಿನಿಂದ ನೇರವಾಗಿ ಈಥರ್‌ನೆಟ್ ತಂತಿ ಎಳೆದರೂ ಆದೀತು.

ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಅಲ್ಲಿಂದ ತಂದುಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಸ್ವಾರಸ್ಯಕರ ತೊಂದರೆ ಕಾಣಬಹುದು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಹಲವು ಚಾನೆಲ್‌ಗಳಾಗಿ ವಿಭಾಗಿಸಲಾಗಿದೆ. ಅಮೆರಿಕದ ಉಪಕರಣಗಳು ಸಾಮಾನ್ಯವಾಗಿ 1ರಿಂದ 11ರವರೆಗೆ ಮಾತ್ರ ಬಳಸುತ್ತವೆ. ನಮ್ಮ ದೇಶದಲ್ಲಿ 13ರವರೆಗೂ ಅವಕಾಶವಿದೆ. ಇಲ್ಲಿಯ ರೂಟರು ತಾನಾಗಿಯೇ 12 ಅಥವಾ 13ನ್ನು ಆರಿಸಿಕೊಂಡಿದ್ದರೆ, ಮನೆಯ ಉಳಿದೆಲ್ಲ ಉಪಕರಣಗಳಿಗೆ ಕಾಣುವ ಜಾಲ ಆ ಲ್ಯಾಪ್‌ಟಾಪಿಗೆ ಮಾತ್ರ ಕಾಣದೆ ಹೋಗಬಹುದು. ರೂಟರಿನಲ್ಲಿ ಚಾನೆಲನ್ನು 1, 6 ಅಥವಾ 11ಕ್ಕೆ ಗೊತ್ತುಮಾಡಿದರೆ ಸಮಸ್ಯೆ ಪರಿಹಾರವಾಗುತ್ತದೆ. ಇನ್ನು 5 ಗಿಗಾಹರ್ಟ್ಸ್ ಜಾಲವು ವೇಗವಾದುದಾದರೂ ಗೋಡೆಗಳನ್ನು ದಾಟುವುದರಲ್ಲಿ ದುರ್ಬಲ. ಎರಡಡಿ ದಪ್ಪದ ಕಲ್ಲುಗೋಡೆಯ ನಮ್ಮ ಹಳೆಯ ಮನೆಗಳಲ್ಲಿ ಒಳಕೋಣೆಯ ಯಂತ್ರಕ್ಕೆ 2.4ರ ಜಾಲವೇ ಮೇಲು. ಉಕ್ಕಿನ ಕಪಾಟಿನ ಹಿಂದೆ ರೂಟರನ್ನು ಅಡಗಿಸಿಡುವವರಿಗೆ ಯಾವ ಜಾಲವೂ ಚೆನ್ನಾಗಿ ದೊರೆಯಲಾರದು.

ಹೆಸರು ಕಾಣುತ್ತದೆ, ಆದರೆ ಯಂತ್ರ ಸೇರಿಕೊಳ್ಳುವುದಿಲ್ಲವೆಂದರೆ ಗುಪ್ತಪದವನ್ನೇ ಮೊದಲು ಶಂಕಿಸಬೇಕು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೂ, ಸೊನ್ನೆಗೂ ‘ಓ’ ಅಕ್ಷರಕ್ಕೂ ಇರುವ ಹೋಲಿಕೆಯೂ ಬಹಳ ಜನರನ್ನು ಕಾಡಿವೆ. ಹಳೆಯ ಯಂತ್ರವನ್ನು ಉಳಿಸಿಕೊಂಡದ್ದರ ಪ್ರಯೋಜನ ಇಲ್ಲಿ ತಿಳಿಯುತ್ತದೆ: ಅದರಲ್ಲಿ ಜಾಲದ ಗುಣವಿಶೇಷಗಳ ಕಿಟಕಿಯನ್ನು ತೆರೆದು, ಭದ್ರತೆಯ ವಿಭಾಗದಲ್ಲಿ ಅಕ್ಷರಗಳನ್ನು ತೋರಿಸುವಂತೆ ಕೇಳಿದರೆ ಗುಪ್ತಪದ ಇದ್ದಂತೆಯೇ ಕಾಣುತ್ತದೆ. ಗುಪ್ತಪದ ಸರಿಯಾಗಿದ್ದೂ ಪ್ರವೇಶ ಸಿಗದಿದ್ದರೆ ಮ್ಯಾಕ್ ವಿಳಾಸದ ನಿರ್ಬಂಧವಿದೆಯೇ ಎಂದು ನೋಡತಕ್ಕದ್ದು. ಪ್ರತಿಯೊಂದು ಜಾಲ ಘಟಕಕ್ಕೂ 48 ಬಿಟ್‌ಗಳ ಇಂತಹದೊಂದು ಗುರುತುಸಂಖ್ಯೆ ಉಂಟು. ಜಾಗರೂಕರಾದ ಯಾರೋ ಹಿಂದೊಮ್ಮೆ ರೂಟರಿನಲ್ಲಿ ಹಳೆಯ ಯಂತ್ರದ ಸಂಖ್ಯೆಯನ್ನು ಮಾತ್ರ ಬರೆದಿಟ್ಟಿದ್ದರೆ, ಹೊಸದರ ಸಂಖ್ಯೆಯನ್ನು ಆ ಪಟ್ಟಿಗೆ ಸೇರಿಸದ ಹೊರತು ಬಾಗಿಲು ತೆರೆಯದು.

ರೂಟರು ಬಹಳ ಹಳೆಯದಾಗಿದ್ದು ವೆಪ್ ಎಂಬ ಮೊದಲ ತಲೆಮಾರಿನ ರಕ್ಷಣೆಯಲ್ಲೇ ಉಳಿದಿದ್ದರೆ ಹೊಸ ಯಂತ್ರ ಎಚ್ಚರಿಕೆ ಕೊಡುತ್ತದೆ; ಅದು ನ್ಯಾಯವೇ. ಆ ರಕ್ಷಣೆಯ ದೌರ್ಬಲ್ಯವನ್ನು ಫ್ಲುರರ್, ಮಾಂಟಿನ್, ಶಮೀರ್ ಎಂಬ ವಿದ್ವಾಂಸರು 2001ರಲ್ಲಿಯೇ ಬಯಲಿಗೆ ತಂದಿದ್ದಾರೆ. 2004ರಲ್ಲಿ ಬಂದ ಡಬ್ಲ್ಯೂ.ಪಿ.ಎ.-2 ಅಥವಾ 2018ರಲ್ಲಿ ಬಂದ ಡಬ್ಲ್ಯೂ.ಪಿ.ಎ.-3ಕ್ಕೆ ರೂಟರನ್ನು ಏರಿಸಬೇಕಲ್ಲದೆ, ಯಂತ್ರ ಸೇರಿಕೊಳ್ಳಲೆಂದು ಗುಪ್ತಪದವನ್ನೇ ತೆಗೆದುಹಾಕುವುದು ತರವಲ್ಲ. ಬೀದಿಯಲ್ಲಿ ನಿಂತವರು ನಮ್ಮ ಸಂಪರ್ಕದಿಂದ ಮಾಡಿದ ಅಪರಾಧಕ್ಕೆ ವಿಚಾರಣೆ ನಮ್ಮ ಮನೆಯಿಂದಲೇ ಆರಂಭವಾಗುತ್ತದೆ.

ಸೇರಿಕೊಂಡದ್ದಾಯಿತು, ಆದರೆ ‘ಅಂತರ್ಜಾಲವಿಲ್ಲ’ ಎಂದು ಬರೆದು ತೋರಿಸುತ್ತದೆ ಎಂದುಕೊಳ್ಳೋಣ. ಆಗ ಯಂತ್ರಕ್ಕೆ ಯಾವ ವಿಳಾಸ ಬಂದಿದೆಯೆಂದು ಸೆಟ್ಟಿಂಗ್ಸ್‌ನಲ್ಲಿ ನೋಡಬೇಕು. ಅದು 169.254ರಿಂದ ಆರಂಭವಾಗಿದ್ದರೆ, ರೂಟರಿನಿಂದ ವಿಳಾಸ ದೊರೆಯದೆ ಯಂತ್ರವು ತಾನೇ ಒಂದನ್ನು ಕಲ್ಪಿಸಿಕೊಂಡಿದೆಯೆಂದು ಅರ್ಥ. ಹಳೆಯ ಯಂತ್ರಕ್ಕೆ ಕೈಯಿಂದ ಬರೆದುಕೊಟ್ಟ ಸ್ಥಿರ ವಿಳಾಸವನ್ನು ಹೊಸದಕ್ಕೂ ಹಾಗೆಯೇ ನಕಲು ಮಾಡಿದ್ದು, ಹಳೆಯದು ಒಳಕೋಣೆಯಲ್ಲಿ ಇನ್ನೂ ಚಾಲ್ತಿಯಲ್ಲಿದ್ದರೆ, ಒಂದೇ ವಿಳಾಸಕ್ಕೆ ಇಬ್ಬರು ವಾರಸುದಾರರಾಗಿ ಎರಡೂ ಯಂತ್ರಗಳ ಸಂಪರ್ಕ ತಡವರಿಸುತ್ತದೆ. ವಿಳಾಸವನ್ನು ತಾನಾಗಿಯೇ ಪಡೆಯುವಂತೆ ಬಿಡುವುದು ಲೇಸು.

ಮುಂದಿನ ಪರೀಕ್ಷೆಗೆ ಪಿಂಗ್ ಎಂಬ ಪುಟ್ಟ ಆಜ್ಞೆಯೊಂದಿದೆ. ಇದನ್ನು 1983ರಲ್ಲಿ ಮೈಕ್ ಮೂಸ್ ಎಂಬವರು ರಚಿಸಿದರು. ನೀರಿನಡಿಯ ಸೋನಾರ್ ಯಂತ್ರದ ಸದ್ದೇ ಅದರ ಹೆಸರಾಯಿತು. ಮೊದಲು ರೂಟರಿನ ವಿಳಾಸಕ್ಕೂ ಆಮೇಲೆ 8.8.8.8 ಎಂಬ ಹೊರಗಿನ ವಿಳಾಸಕ್ಕೂ ಪಿಂಗ್ ಕಳುಹಿಸಿ ನೋಡಬೇಕು. ಎರಡರಿಂದಲೂ ಉತ್ತರ ಬಂದು, ಜಾಲತಾಣಗಳ ಹೆಸರುಗಳು ಮಾತ್ರ ತೆರೆಯದಿದ್ದರೆ ದಾರಿ ಸರಿಯಾಗಿದ್ದು, ಹೆಸರುಗಳನ್ನು ವಿಳಾಸಗಳಾಗಿ ಬಿಡಿಸಿಕೊಡುವ ಡಿ.ಎನ್.ಎಸ್. ವ್ಯವಸ್ಥೆಯಲ್ಲಿ ದೋಷವಿದೆಯೆಂದು ತಿಳಿಯಬಹುದು. ಕೆಲವು ಹಳೆಯ ಮನೆಗಳಲ್ಲಿ ಮೋಡೆಮ್ ಬರಿಯ ಸೇತುವೆಯಾಗಿದ್ದು, ಬಳಕೆದಾರರ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಸೇವಾ ಸಂಸ್ಥೆಯನ್ನು ಕರೆಯುತ್ತಿದ್ದದ್ದು ಗಣಕಯಂತ್ರವೇ ಆಗಿತ್ತು. ಅಂತಹ ಕಡೆ ಯಂತ್ರ ಹೋದೊಡನೆ ಇಡೀ ಮನೆಯ ಸಂಪರ್ಕ ಹೋಗುತ್ತದೆ. ಆ ವಿವರಗಳನ್ನು ರೂಟರಿನಲ್ಲಿಯೇ ಬರೆದಿಟ್ಟರೆ ಮುಂದೆ ಯಂತ್ರ ಬದಲಿಸಿದಾಗ ಈ ಪೀಡೆ ಇರದು.

ಅಂತರ್ಜಾಲವೆಲ್ಲ ಸರಿಯಾಗಿದ್ದು ಮುದ್ರಣಯಂತ್ರವೂ ಹಳೆಯ ಕಡತಗಳೂ ಮಾತ್ರ ದೊರೆಯದಿರುವುದು ಎಲ್ಲಕ್ಕಿಂತ ಹೆಚ್ಚು ತಲೆನೋವಿನ ಪ್ರಸಂಗ. ಮುದ್ರಣಯಂತ್ರವು ಹಳೆಯ ಗಣಕಯಂತ್ರಕ್ಕೆ ತಂತಿಯಿಂದ ಜೋಡಿಸಲ್ಪಟ್ಟು, ಅದರ ಮೂಲಕ ಮನೆಯವರೆಲ್ಲರಿಗೆ ಸೇವೆ ಸಲ್ಲಿಸುತ್ತಿತ್ತೇ ಎಂದು ಮೊದಲು ವಿಚಾರಿಸಬೇಕು. ಹಾಗಿದ್ದರೆ ಮಧ್ಯವರ್ತಿಯೇ ಇಲ್ಲವಾದ ಮೇಲೆ ಮುದ್ರಣ ಹೇಗೆ ನಡೆದೀತು? ತಂತಿಯನ್ನು ಹೊಸ ಯಂತ್ರಕ್ಕೆ ಹಚ್ಚಿ ಹಂಚಿಕೆಯನ್ನು ಹೊಸದಾಗಿ ಏರ್ಪಡಿಸಬೇಕು. ಮುದ್ರಣಯಂತ್ರಕ್ಕೇ ವೈ-ಫೈ ಇದ್ದಲ್ಲಿ, ಹೊಸ ಯಂತ್ರವು ಅತಿಥಿಗಳಿಗೆಂದು ಮಾಡಿದ ಬೇರೆ ಜಾಲಕ್ಕೆ ಸೇರಿದೆಯೇ ಎಂದು ನೋಡಬೇಕು. ಅತಿಥಿ ಜಾಲದಲ್ಲಿ ಅಂತರ್ಜಾಲ ದೊರೆಯುತ್ತದೆ. ಮನೆಯ ಒಳ ಉಪಕರಣಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಅಷ್ಟೇ ಅಲ್ಲದೆ ವಿಂಡೋಸ್ ಪ್ರತಿಯೊಂದು ಹೊಸ ಜಾಲವನ್ನೂ ಸಾರ್ವಜನಿಕ ಸ್ಥಳವೆಂದೇ ಭಾವಿಸಿ ತನ್ನನ್ನು ಇತರರಿಂದ ಮರೆಮಾಚಿಕೊಳ್ಳುತ್ತದೆ. ಸ್ವಂತ ಮನೆಯ ಜಾಲಕ್ಕೆ ‘ಪ್ರೈವೇಟ್’ ಎಂಬ ಆಯ್ಕೆಯನ್ನು ನಾವೇ ಕೊಡಬೇಕು.

ರೂಟರಿಗೋ ಜಾಲಕ್ಕೋ ಜೋಡಿಸಿದ ಹಳೆಯ ಸಂಗ್ರಹ ಪೆಟ್ಟಿಗೆಯೊಳಗಿನ ಕಡತಗಳ ವಿಷಯ ಬೇರೆ. ಅವು ಬಳಸುವ ಎಸ್.ಎಂ.ಬಿ. ಎಂಬ ಹಂಚಿಕೆಯ ಕ್ರಮದ ಮೊದಲ ಆವೃತ್ತಿಯನ್ನು 2017ರಿಂದ ವಿಂಡೋಸ್‌ನಲ್ಲಿ ಹಂತಹಂತವಾಗಿ ಕೈಬಿಡಲಾಗಿದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ‘ಪ್ರೊ’ ಮಾದರಿಯಂತೂ ಗುಪ್ತಪದವಿಲ್ಲದೆ ತೆರೆದಿಟ್ಟ ಹಂಚಿಕೆಯನ್ನು ಮುಟ್ಟಲು ಒಪ್ಪುವುದಿಲ್ಲ. ಕಡತಗಳು ನಾಶವಾಗಿಲ್ಲ, ಹಳೆಯ ಯಂತ್ರದಿಂದ ಅವು ತೆರೆಯುತ್ತವೆ. ಭದ್ರತೆಯನ್ನು ಸಡಿಲಿಸುವ ಉಪಾಯಗಳನ್ನು ಅನೇಕರು ಹೇಳಿಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಸಂಗ್ರಹ ಪೆಟ್ಟಿಗೆಗೆ ಬಳಕೆದಾರರ ಹೆಸರು, ಗುಪ್ತಪದ ಕೊಟ್ಟು ಅದರ ತಂತ್ರಾಂಶವನ್ನು ನವೀಕರಿಸುವುದು ಉತ್ತಮ. ಅದು ಸಾಧ್ಯವಾಗದಷ್ಟು ಹಳೆಯದಾಗಿದ್ದರೆ ಹಳೆಯ ಯಂತ್ರದ ಮೂಲಕವೇ ಕಡತಗಳನ್ನು ಒಂದು ಹೊಸ ಡಿಸ್ಕಿಗೆ ಇಳಿಸಿಕೊಳ್ಳಬೇಕು.

ನೆರವು ಬೇಕೆನಿಸಿದಾಗ ಸೇವಾ ಸಂಸ್ಥೆಯ ಬಿಲ್ಲಿನ ಮೇಲೆ ಮುದ್ರಿತವಾದ ಸಂಖ್ಯೆಗೇ ಕರೆಮಾಡತಕ್ಕದ್ದು. ಅಂತರ್ಜಾಲದಲ್ಲಿ ಹುಡುಕಿದಾಗ ಮೇಲುಗಡೆ ಕಾಣುವ ಸಂಖ್ಯೆಗಳಲ್ಲಿ ವಂಚಕರವೂ ಇರುತ್ತವೆ. ಯಂತ್ರವನ್ನು ದೂರದಿಂದಲೇ ನಡೆಸುವ ತಂತ್ರಾಂಶವನ್ನು ಹಾಕಿಕೊಳ್ಳಲು ಅಪರಿಚಿತರು ಹೇಳಿದರೆ ಅಲ್ಲಿಗೇ ಮಾತು ಮುಗಿಸಬೇಕು. ಹಣ ಹೋದದ್ದೇ ಆದರೆ ವಿಳಂಬವಿಲ್ಲದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು.

ಹೊಸ ಯಂತ್ರದಲ್ಲಿ ಅಂತರ್ಜಾಲ, ಮುದ್ರಣ, ಕಡತಗಳು ಮೂರೂ ಎರಡು ವಾರ ತಡೆಯಿಲ್ಲದೆ ನಡೆದ ಮೇಲೆ ಹಳೆಯದನ್ನು ಬಿಡುಗಡೆ ಮಾಡಬಹುದು. ಅದಕ್ಕೆ ಮೊದಲು ಅದರ ಡಿಸ್ಕನ್ನು ಪೂರ್ತಿ ಅಳಿಸತಕ್ಕದ್ದು. ಗುಜರಿಯವರ ಕೈಗೆ ಹೋಗುವ ಯಂತ್ರದೊಳಗೆ ಮನೆಯ ಜಾಲದ ಗುಪ್ತಪದವೂ ಬ್ಯಾಂಕಿನ ಕಾಗದಪತ್ರಗಳೂ ಹಾಗೆಯೇ ಉಳಿದಿರುತ್ತವೆ. ರೂಟರಿನ ಪಟ್ಟಿಯಿಂದ ಹಳೆಯ ಮ್ಯಾಕ್ ವಿಳಾಸವನ್ನು ತೆಗೆದು, ಜಾಲದ ಹೆಸರು, ಗುಪ್ತಪದ, ಸೇವಾ ಸಂಸ್ಥೆಯ ಖಾತೆಯ ಸಂಖ್ಯೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಪತ್ರಗಳೊಡನೆ ಕಪಾಟಿನಲ್ಲಿ ಇಡಬೇಕು.