‘ಮುಂದಿನ ವಾರ ಬಂದ್ಬಿಡುತ್ತೆ ಸಾರ್!’

ಆಷಾಢ ಕಳೆದ ಮೊದಲ ವಾರ ಬೆಂಗಳೂರು, ಮೈಸೂರಿನ ಕಾರು ಶೋರೂಮುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಿಂಗಳಿಡೀ ಆಸೆ ತಡೆದುಕೊಂಡವರೆಲ್ಲ ಶ್ರಾವಣ ಹುಟ್ಟುತ್ತಲೇ ಬಂದು ನಿಲ್ಲುತ್ತಾರೆ. ಕೊಳ್ಳುವುದು ಹೊಸ ಮಾಡೆಲ್ ಆದರೆ ಮೊದಲ ಪ್ರಶ್ನೆ, “ವರಮಹಾಲಕ್ಷ್ಮಿ ಹಬ್ಬಕ್ಕೆ ಸಿಗುತ್ತಾ?” “ಸಿಗುತ್ತೆ ಸಾರ್, ಇವತ್ತೇ ಬುಕ್ ಮಾಡ್ಬಿಡಿ.” ಹಬ್ಬ ಮುಗಿಯುತ್ತದೆ. “ಗಾಡಿ ಟ್ರಾನ್ಸಿಟ್‌ನಲ್ಲಿದೆ ಸಾರ್, ಮುಂದಿನ ವಾರ ಬಂದ್ಬಿಡುತ್ತೆ.” ಗಣೇಶ ಬಂದು ಹೋಗುತ್ತಾನೆ. “ಬಿಳಿ ಬೇಡ, ಕೆಂಪು ತಗೊಳ್ಳಿ, ನಾಳೇನೇ ಕೊಡ್ತೀನಿ.” ಆಯುಧಪೂಜೆಯ ಹೊತ್ತಿಗೆ ಮಾತು ಕೊಟ್ಟ ಹುಡುಗ ಬೇರೆ ಕಂಪನಿಯ ಶೋರೂಮು ಸೇರಿರುತ್ತಾನೆ. ಅವನ ಕುರ್ಚಿಯಲ್ಲಿ ಕೂತವನಿಗೆ ಹಳೆಯ ಮಾತಿನ ಸುಳಿವೂ ಇರುವುದಿಲ್ಲ.

ಶೋರೂಮಿನ ಮಾತು ಹೀಗೆ ಸಡಿಲವಾದದ್ದು ಇಂದು ನಿನ್ನೆಯಲ್ಲ.

ಸ್ವಾತಂತ್ರ್ಯಾನಂತರದ ಮೂರು ದಶಕಗಳಲ್ಲಿ ಭಾರತೀಯರಿಗೆ ಕಾರೆಂದರೆ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಇಷ್ಟೇ. ಎಷ್ಟು ಕಾರು ತಯಾರಾಗಬೇಕೆಂದು ಲೈಸೆನ್ಸ್ ಹೇಳುತ್ತಿತ್ತು. 1969ರಲ್ಲಿ ಬೆಲೆಯನ್ನೂ ಸರ್ಕಾರವೇ ಆದೇಶ ಹೊರಡಿಸಿ ನಿಗದಿ ಮಾಡಿದಾಗ ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಬೇಡಿಕೆ ಹೆಚ್ಚು, ಮಾಲು ಕಡಿಮೆ, ಬೆಲೆ ಏರುವಂತಿಲ್ಲ. ಹೀಗಾದಾಗ ಬೆಲೆಯ ಕೆಲಸವನ್ನು ಸರದಿ ಮಾಡುತ್ತದೆ. ಬಜಾಜ್ ಸ್ಕೂಟರಿಗೇ ಜನ ಹತ್ತು ವರ್ಷದವರೆಗೆ ಕಾದದ್ದುಂಟು. ಬುಕ್ ಮಾಡಿದ ಗಾಡಿ ಕೈಗೆ ಬಂದ ದಿನವೇ ಕೊಟ್ಟ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಆ ಹೆಚ್ಚುವರಿಗೆ ಊರೆಲ್ಲ ಒಪ್ಪಿದ ಹೆಸರಿತ್ತು: ಪ್ರೀಮಿಯಂ. ಸರದಿಯ ಪಟ್ಟಿ ಮಾತ್ರ ಗ್ರಾಹಕನ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನು ದುಡ್ಡು ಕೊಟ್ಟೂ ಅರ್ಜಿದಾರನಾಗಿಯೇ ಉಳಿದ.

ಮಾರುತಿ ಬಂದಾಗ ಈ ಹಸಿವು ಎಷ್ಟಿತ್ತೆಂಬುದು ಅಂಕಿಯಲ್ಲಿ ಕಂಡಿತು. 1983ರ ಏಪ್ರಿಲ್‌ನಲ್ಲಿ ಬುಕಿಂಗ್ ತೆರೆದಾಗ ತಲಾ 10,000 ರೂಪಾಯಿ ಮುಂಗಡ ಕಟ್ಟಿ ಎರಡು ತಿಂಗಳಲ್ಲಿ ಸುಮಾರು 1.35 ಲಕ್ಷ ಮಂದಿ ಹೆಸರು ಬರೆಸಿದರು. ಅದೇ ವರ್ಷದ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಕಾರಿನ ಕೀಯನ್ನು ಪ್ರಧಾನಿ ಇಂದಿರಾ ಗಾಂಧಿ ಕೊಟ್ಟರು. ಪಡೆದವರನ್ನು ಆರಿಸಿದ್ದು ಲಾಟರಿ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವಾಯಿತು. ವಿದೇಶಿ ಕಂಪನಿಗಳು ಒಂದರ ಹಿಂದೊಂದು ಬಂದವು. ಸರದಿ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ತೊಂಬತ್ತರ ದಶಕದ ನಡುವೆ ಫಿಯಟ್ ಯುನೊ ಕಾರಿಗೆ ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮುಂಗಡ ಕಟ್ಟಿದರು. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು, ಕಾರು ಹೊರಬರುವುದು ತಡವಾಯಿತು, ಕಾದವರ ಕೈಯಲ್ಲಿ ರಸೀದಿಯಷ್ಟೇ ಉಳಿಯಿತು. ಶೋರೂಮಿನಲ್ಲಿ ಆಸೆ ಹುಟ್ಟಿಸಿದವನಿಗೆ ಕುರ್ಲಾದಲ್ಲಿ ಏನು ನಡೆಯುತ್ತಿದೆ ಎಂಬುದು ಗೊತ್ತಾಗುವ ದಾರಿಯೇ ಇರಲಿಲ್ಲ.

ಇದಕ್ಕೆ ಹೋಲಿಸಿದರೆ ಟಾಟಾ ನ್ಯಾನೊ ಹಂಚಿದ ರೀತಿಯಲ್ಲಿ ಮುಚ್ಚುಮರೆ ಕಡಿಮೆ. 2009ರ ಏಪ್ರಿಲ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬುಕಿಂಗ್ ಬಂದವು. ಮೊದಲ ಒಂದು ಲಕ್ಷ ಗ್ರಾಹಕರನ್ನು ಕಂಪ್ಯೂಟರ್ ಆರಿಸಿತು. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಸೇಲ್ಸ್‌ಮನ್ ಹೇಳಬೇಕಾದ ಪ್ರಮೇಯವೇ ಬರಲಿಲ್ಲ.

ಹನ್ನೆರಡು ವರ್ಷದ ಮೇಲೆ ಕಾಯುವ ಕಾಲ ಮತ್ತೆ ಬಂತು, ಈ ಸಲ ಉಗುರಿನಗಲದ ಚಿಪ್ ರೂಪದಲ್ಲಿ. ಸೆಮಿಕಂಡಕ್ಟರ್ ಕೊರತೆಯಿಂದ 2021ರ ಸೆಪ್ಟೆಂಬರ್‌ನಲ್ಲಿ ಮಾರುತಿ ಸುಜುಕಿಯ ಉತ್ಪಾದನೆ ಮಾಮೂಲಿನ ಶೇ 40ರ ಆಸುಪಾಸಿಗೆ ಕುಸಿಯಿತು. ಮರುತಿಂಗಳೇ ಮಹೀಂದ್ರ ಎಕ್ಸ್‌ಯುವಿ 700ಕ್ಕೆ 57 ನಿಮಿಷದಲ್ಲಿ 25,000 ಬುಕಿಂಗ್ ಆದವು. 2022ರ ಜುಲೈ 30ರಂದು ಸ್ಕಾರ್ಪಿಯೊ-ಎನ್‌ಗೆ ಅರ್ಧ ಗಂಟೆಯಲ್ಲಿ ಒಂದು ಲಕ್ಷ. ಬುಕಿಂಗ್ ನಿಮಿಷದ ಲೆಕ್ಕದಲ್ಲಿ, ಡೆಲಿವರಿ ವರ್ಷದ ಲೆಕ್ಕದಲ್ಲಿ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನ್ನೋವಾ ಹೈಕ್ರಾಸ್‌ಗಾಗಿ ಪಕ್ಕದ ಬೆಂಗಳೂರಿನವರೂ ತಿಂಗಳುಗಟ್ಟಲೆ ಕಾದರು.

ಈ ಎರಡು ಲೆಕ್ಕಗಳ ನಡುವೆ ನಿಂತವನೇ ಶೋರೂಮಿನ ಸೇಲ್ಸ್ ಹುಡುಗ. ಅವನು ಕಂಪನಿಯ ನೌಕರನಲ್ಲ, ಡೀಲರ್‌ನ ನೌಕರ. ಯಾವ ವೇರಿಯಂಟ್, ಯಾವ ಬಣ್ಣ ಎಷ್ಟು ಬರಬೇಕೆಂದು ತೀರ್ಮಾನಿಸುವುದು ಕಂಪನಿ. ಇವನ ಸಂಬಳ ಸಣ್ಣದು, ಇನ್ಸೆಂಟಿವ್ ಮೇಲೆ ಮನೆ ನಡೆಯಬೇಕು. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಬೇಕು. ಕಾರಿನ ಜೊತೆಗೆ ಇನ್ಶೂರೆನ್ಸ್, ಸಾಲ, ಆಕ್ಸೆಸರಿಯನ್ನೂ ಒಪ್ಪಿಸಬೇಕು. “ಆರು ತಿಂಗಳಾಗುತ್ತೆ” ಎಂದು ನಿಜ ಹೇಳಿದರೆ ಗ್ರಾಹಕ ಎದುರಿನ ಶೋರೂಮಿಗೆ ಹೋಗುತ್ತಾನೆ. “ಮುಂದಿನ ವಾರ” ಎಂದರೆ ಕೂರುತ್ತಾನೆ. ಸುಳ್ಳಿಗೆ ಇನಾಮು, ನಿಜಕ್ಕೆ ದಂಡ ಇರುವ ಕಡೆ ಒಳ್ಳೆಯ ಹುಡುಗನೂ ಮಾತು ತಪ್ಪಲು ಕಲಿಯುತ್ತಾನೆ.

ಆ ಮಾತಿನ ಬೆಲೆ ತೆರುವವನು ಗ್ರಾಹಕ. ಡೆಲಿವರಿ ದಿನದ ಬೆಲೆಯೇ ಅನ್ವಯ ಎಂಬ ಷರತ್ತು ಬುಕಿಂಗ್ ಫಾರಂನಲ್ಲಿ ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿರುತ್ತದೆ. ಕಾಯುವಾಗ ಬೆಲೆ ಏರಿದರೆ ಎಕ್ಸ್-ಶೋರೂಂ ದರದ ಜೊತೆ ಜೀವಾವಧಿ ತೆರಿಗೆಯೂ ಏರುತ್ತದೆ. ಕರ್ನಾಟಕದಲ್ಲಿ 10 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಅದು ಶೇ 17, 20 ಲಕ್ಷ ದಾಟಿದರೆ ಶೇ 18.

ನ್ಯಾಯಾಲಯಗಳು ಈ ಕಷ್ಟ ಕಂಡಿಲ್ಲವೆಂದಲ್ಲ. ಹರಿಯಾಣದ ರೈತನೊಬ್ಬ ಮುಂಗಡ ಕಟ್ಟಿದ ಟ್ರ್ಯಾಕ್ಟರ್ ಸಕಾಲಕ್ಕೆ ಸಿಗದೆ, ಬೆಲೆ ಏರಿದ ಮೇಲೆ ಮಾರುವವರು ಹೆಚ್ಚು ಹಣ ಕೇಳಿದ ಪ್ರಕರಣ 1994ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಸರದಿ ತಪ್ಪಿಸಿ ಬೇರೆಯವರಿಗೆ ಮಾರುವುದು ಅನುಚಿತ ವ್ಯಾಪಾರ ಪದ್ಧತಿಯೇ ಎಂಬ ಪ್ರಶ್ನೆಯನ್ನು ಕೋರ್ಟು ರೈತನ ಪರವಾಗಿ ನೋಡಿತು. 2021ರ ತೀರ್ಪು ಇನ್ನೊಂದು ಮುಖ ತೋರಿಸಿತು. ಗೋವಾದ ಗ್ರಾಹಕರೊಬ್ಬರಿಗೆ 2011ರಲ್ಲಿ ಹೊಸದೆಂದು ಸಿಕ್ಕ ಕಾರು 2009ರಲ್ಲಿ ತಯಾರಾಗಿದ್ದು, 622 ಕಿಲೋಮೀಟರ್ ಓಡಿತ್ತು. ಕಂಪನಿಗೆ ಗೊತ್ತಿತ್ತೆಂದು ಸಾಬೀತಾಗದೆ ಡೀಲರ್‌ನ ತಪ್ಪಿಗೆ ಅದನ್ನು ಹೊಣೆ ಮಾಡಲಾಗದು ಎಂದಿತು ಕೋರ್ಟು. ಶೋರೂಮಿನ ನೆತ್ತಿಯ ಮೇಲೆ ಕಂಪನಿಯ ಹೆಸರು ಹೊಳೆಯುತ್ತಿದ್ದರೂ ಒಳಗೆ ಕೊಟ್ಟ ಮಾತಿನ ಹೊಣೆ ಡೀಲರ್‌ನದು.

ಆದ್ದರಿಂದಲೇ ಬಾಯಿಮಾತು ಕಾಗದಕ್ಕೆ ಇಳಿಯಬೇಕು. ವೇರಿಯಂಟ್, ಬಣ್ಣ, ಅಂದಾಜು ಡೆಲಿವರಿ ತಿಂಗಳು, ರದ್ದು ಮಾಡಿದರೆ ಎಷ್ಟು ಹಣ ವಾಪಸು ಎಂಬುದೆಲ್ಲ ಬುಕಿಂಗ್ ಫಾರಂನಲ್ಲಿರಲಿ. ಫೋನಿನಲ್ಲಿ ಕೊಟ್ಟ ಭರವಸೆಯನ್ನು ಗ್ರಾಹಕ ಅಂದೇ ಇ-ಮೇಲ್‌ನಲ್ಲಿ ಬರೆದು ಶೋರೂಮಿಗೆ ಕಳಿಸಲಿ. ಮುಂಗಡ ಡೀಲರ್‌ಶಿಪ್ಪಿನ ಖಾತೆಗೇ ಹೋಗಲಿ, ಸೇಲ್ಸ್ ಹುಡುಗನ ಯುಪಿಐಗಲ್ಲ. ಇನ್ಶೂರೆನ್ಸ್ ಎಲ್ಲಿ ಬೇಕಾದರೂ ಕೊಳ್ಳುವ ಹಕ್ಕು ಗ್ರಾಹಕನಿಗಿದೆ. ಮಾತು ಮುರಿದರೆ ಗ್ರಾಹಕ ಸಹಾಯವಾಣಿ 1915 ಇದೆ, ಅದರಾಚೆ ಜಿಲ್ಲಾ ಗ್ರಾಹಕ ಆಯೋಗವಿದೆ.

ಗೋವಾದ ಪ್ರಕರಣದಂಥದ್ದು ತಮಗಾಗಬಾರದೆನ್ನುವವರು ಡೆಲಿವರಿಗೆ ಮುಂಚೆ ಊರಾಚೆಯ ಸ್ಟಾಕ್ ಯಾರ್ಡಿಗೆ ಹೋಗುತ್ತಾರೆ. ಅಲ್ಲಿ ಸಾಲಾಗಿ ನಿಂತ ಕಾರುಗಳ ಸೀಟಿಗಿನ್ನೂ ಪ್ಲಾಸ್ಟಿಕ್ ಹೊದಿಕೆ, ಗಾಜಿನ ಮೇಲೆ ದಾರಿಯ ಧೂಳು. ಗಂಡ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ಚಾಸಿ ನಂಬರಿನ 17 ಅಕ್ಷರ ಓದುತ್ತಾನೆ. ಹೆಂಡತಿ ಕೈಲಿರುವ ಇನ್‌ವಾಯ್ಸ್ ಜೊತೆ ತಾಳೆ ನೋಡುತ್ತಾಳೆ. ತಯಾರಾದ ವರ್ಷ ಹೇಳುವ ಹತ್ತನೆಯ ಅಕ್ಷರ ಬಂದಾಗ ಮಾತ್ರ “ಇನ್ನೊಂದ್ಸಲ ಹೇಳಿ” ಎನ್ನುತ್ತಾಳೆ.